ಹತ್ತು ರೈಲು ಮುಳುಗಿದ ಮೇಲೆ

2019ರ ಅಕ್ಟೋಬರ್ 13ರ ನಸುಕು. ಹಿಂದಿನ ಸಂಜೆ ಇಜು ಪರ್ಯಾಯ ದ್ವೀಪದಲ್ಲಿ ದಡ ಹತ್ತಿದ ಹಗಿಬಿಸ್ ಚಂಡಮಾರುತ ಜಪಾನಿನ ನಡುನಾಡಿನ ಮೇಲೆ ರಾತ್ರಿಯಿಡೀ ಮಳೆ ಸುರಿಸಿತ್ತು. ನಾಗಾನೊ ನಗರದ ಹೊಯಾಸು ಎಂಬಲ್ಲಿ ಚಿಕುಮಾ ನದಿಯ ಒಡ್ಡು ಸುಮಾರು 70 ಮೀಟರ್ ಉದ್ದಕ್ಕೆ ಕಿತ್ತುಹೋಯಿತು. ಸೇಬಿನ ತೋಟ, ಮನೆಗಳನ್ನು ಮುಳುಗಿಸುತ್ತ ಹೋದ ನೀರು ಅಲ್ಲಿನ ಬಯಲಿನಲ್ಲಿದ್ದ, ಶಿಂಕಾನ್ಸೆನ್ ಎಂಬ ಅತಿವೇಗದ ರೈಲುಗಳ ಡಿಪೊಗೂ ನುಗ್ಗಿತು. ಬೆಳಕು ಹರಿದ ಮೇಲೆ ಹೆಲಿಕಾಪ್ಟರಿನಿಂದ ತೆಗೆದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು: ಕಂದು ನೀರಿನಲ್ಲಿ ಸಾಲಾಗಿ ನಿಂತ, ನೀಲಿ ನೆತ್ತಿಯ ಉದ್ದನೆಯ ರೈಲುಗಳು.

ಆ ಡಿಪೊದಲ್ಲಿ ಹತ್ತು ರೈಲುಗಳಿದ್ದವು. ಒಂದೊಂದಕ್ಕೆ ಹನ್ನೆರಡು ಬೋಗಿ, ಒಟ್ಟು 120. ಎಂಟು ರೈಲು ಜೆಆರ್ ಈಸ್ಟ್ ಕಂಪನಿಯ ಇ7 ಮಾದರಿಯವು, ಇನ್ನೆರಡು ಜೆಆರ್ ವೆಸ್ಟ್‌ನ ಡಬ್ಲ್ಯು7. ಹೆಸರು ಬೇರೆಯಾದರೂ ವಿನ್ಯಾಸ ಒಂದೇ. ಟೋಕಿಯೊದಿಂದ ನಾಗಾನೊ ಹಾದು ಆಗ ಕನಜಾವಾದವರೆಗೆ ಹೋಗುತ್ತಿದ್ದ ಹೊಕುರಿಕು ಮಾರ್ಗಕ್ಕೆ ಇದ್ದದ್ದೇ 30 ರೈಲು. ಒಂದೇ ರಾತ್ರಿಯಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು. ಹಳಿ ಬಹುಮಟ್ಟಿಗೆ ಗಟ್ಟಿಯಾಗಿತ್ತು, ಪ್ರಯಾಣಿಕರಿದ್ದರು, ಓಡಿಸುವವರಿದ್ದರು. ಓಡಿಸಲು ರೈಲು ಎಲ್ಲಿಂದ ತರುವುದು?

ಮೊದಲು ಏಳುವ ಪ್ರಶ್ನೆ, ತೊಳೆದು ಒಣಗಿಸಿ ಓಡಿಸಬಾರದೇ ಎಂಬುದು. ಇ7ರ ಹೊರಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು, ಒಂದು ದಿನ ನೀರಲ್ಲಿ ನಿಂತರೆ ಅದಕ್ಕೇನೂ ಆಗುವುದಿಲ್ಲ. ಆದರೆ ಇಂಥ ರೈಲಿನ ಮುಂದೆ ಎಳೆಯುವ ಎಂಜಿನ್ ಇರುವುದಿಲ್ಲ, ಎಳೆಯುವ ಶಕ್ತಿಯೆಲ್ಲ ಬೋಗಿಗಳ ನೆಲದಡಿಯಲ್ಲಿ ಹಂಚಿಹೋಗಿರುತ್ತದೆ. ಹನ್ನೆರಡರಲ್ಲಿ ಹತ್ತು ಬೋಗಿಗಳಿಗೆ ಮೋಟರುಗಳಿವೆ. ಒಂದೊಂದು 300 ಕಿಲೋವ್ಯಾಟ್‌ನ ನಲವತ್ತು ಮೋಟರು. ಅವುಗಳ ಜೊತೆಗೆ ಟ್ರಾನ್ಸ್‌ಫಾರ್ಮರು, ಇನ್ವರ್ಟರು, ಬ್ರೇಕಿನ ನಿಯಂತ್ರಣ ಪೆಟ್ಟಿಗೆ, ಗಾಳಿ ಕಂಪ್ರೆಸರು, ಸಾವಿರಾರು ತಂತಿಗಳ ಕಟ್ಟು. ರೈಲಿನ ಬೆಲೆಯಲ್ಲಿ ದೊಡ್ಡ ಪಾಲು ಕಾಲಡಿಯ ಈ ಪೆಟ್ಟಿಗೆಗಳದೇ. ನದಿಯ ನೀರು ಮೊದಲು ತುಂಬಿದ್ದೂ ಅವುಗಳಲ್ಲೇ, ಅದೂ ಕೆಸರಿನೊಂದಿಗೆ. ನಯವಾದ ರೇವೆ ಬೇರಿಂಗಿನೊಳಗೆ, ಕನೆಕ್ಟರಿನ ಸೂಜಿಗಳ ನಡುವೆ, ಮೋಟರಿನ ಸುರುಳಿಯ ಸಂದಿಯಲ್ಲಿ ಕೂರುತ್ತದೆ. ಒಣಗಿಸಿದ ಮೇಲೂ ಅದು ತೇವ ಹಿಡಿದಿಡುತ್ತದೆ, ವರ್ಷದ ಮೇಲೆ ಎಲ್ಲೋ ಒಂದು ಕಡೆ ನಿರೋಧಕ ಪದರ ಸೋಲುತ್ತದೆ. ಗಂಟೆಗೆ 260 ಕಿಲೋಮೀಟರ್ ವೇಗದ ರೈಲಿನಲ್ಲಿ ‘ಎಲ್ಲೋ ಒಂದು ಕಡೆ’ ಎಂಬುದಕ್ಕೆ ಜಾಗವಿಲ್ಲ. ನವೆಂಬರ್ ಹೊತ್ತಿಗೆ ಹತ್ತನ್ನೂ ಗುಜರಿಗೆ ಹಾಕುವ ನಿರ್ಧಾರವಾಯಿತು. ಅವನ್ನು ಕಟ್ಟಲು ತಗಲಿದ್ದ ವೆಚ್ಚ ಸುಮಾರು 3,280 ಕೋಟಿ ಯೆನ್ ಎಂದು ಆಗ ವರದಿಯಾಗಿತ್ತು.

ಡಿಪೊ ಕಟ್ಟಿದವರು ನೆರೆಯನ್ನು ಮರೆತಿರಲಿಲ್ಲ. ಹಿಂದಿನ ಪ್ರವಾಹಗಳ ಮಟ್ಟ ನೋಡಿ ನೆಲವನ್ನು ಸುಮಾರು ಎರಡು ಮೀಟರ್ ಮಣ್ಣು ತುಂಬಿಸಿ ಎತ್ತರಿಸಿದ್ದರು. ಆದರೆ ನಗರಾಡಳಿತದ ಅಪಾಯ ನಕ್ಷೆ ಅದೇ ಜಾಗದಲ್ಲಿ ಅಪರೂಪದ ಮಹಾಪೂರಕ್ಕೆ ಹತ್ತು ಮೀಟರಿಗೂ ಮೀರಿದ ನೀರು ಬರಬಹುದೆಂದು ತೋರಿಸುತ್ತಿತ್ತು. ಕಂಡ ನೆರೆಗೆ ಕಟ್ಟುವುದು ಒಂದು ಲೆಕ್ಕ, ಬರಬಹುದಾದ ನೆರೆಗೆ ಕಟ್ಟುವುದು ಬೇರೆಯೇ ಲೆಕ್ಕ. ಮಣ್ಣು ತುಂಬುವುದೊಂದೇ ದಾರಿಯೂ ಆಗಿರಲಿಲ್ಲ, ಏಕೆಂದರೆ ರೈಲಿಗೆ ಚಕ್ರವಿದೆ. 1967ರ ಜುಲೈನಲ್ಲಿ ಒಸಾಕಾ ಬಳಿಯ ತೊರಿಕಾಯಿ ಡಿಪೊಗೆ ನೀರು ನುಗ್ಗತೊಡಗಿದಾಗ ಅಲ್ಲಿನವರು ರೈಲುಗಳನ್ನು ಎತ್ತರದ ಮುಖ್ಯ ಹಳಿಗೆ ಒಯ್ದು ನಿಲ್ಲಿಸಿ ಉಳಿಸಿದ್ದರು. ಅರ್ಧ ಶತಮಾನದ ನಂತರ ನಾಗಾನೊದಲ್ಲಿ ಅಂಥ ಆಜ್ಞೆ ಕೊಡಲು ಬರೆದಿಟ್ಟ ಕ್ರಮ ಇರಲಿಲ್ಲ. ಚಂಡಮಾರುತ ಬಂದಾಗ ಓಡಾಟ ನಿಲ್ಲಿಸುವ ನಿಯಮವಿತ್ತು, ನಿಂತ ರೈಲನ್ನು ಎಲ್ಲಿಗೆ ಸಾಗಿಸಬೇಕೆಂಬ ನಿಯಮವಿರಲಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ. ಆಮೇಲೆ ಜೆಆರ್ ಈಸ್ಟ್ ಯಾವ ಮಟ್ಟದ ಮುನ್ಸೂಚನೆ ಬಂದರೆ ಯಾವ ಡಿಪೊದ ರೈಲುಗಳು ಎಲ್ಲಿಗೆ ಹೋಗಬೇಕೆಂದು ನಿಗದಿ ಮಾಡಿತು.

ಈಗ ಬದಲಿ ರೈಲಿನ ವಿಷಯ. ರೈಲೆಂದರೆ ಬಿಡಿಸಿ ಜೋಡಿಸಬಹುದಾದ ಬೋಗಿಗಳ ಸಾಲು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಕೂತಿದೆ, ಕಾರಣ ನಾವು ಬೆಳೆದದ್ದು ಹಾಗೆ ನೋಡಿಯೇ. ಒಂದು ಬೋಗಿ ಕೆಟ್ಟರೆ ಅದನ್ನು ಬಿಡಿಸಿ ದುರಸ್ತಿಯ ಸಿಕ್ ಲೈನಿಗೆ ತಳ್ಳುತ್ತಾರೆ, ಯಾರ್ಡಿನಲ್ಲಿದ್ದ ಇನ್ನೊಂದನ್ನು ತಂದು ಸೇರಿಸುತ್ತಾರೆ, ರೇಕ್, ಅಂದರೆ ಬೋಗಿಗಳ ಇಡೀ ಸಾಲು, ಹೊರಡುತ್ತದೆ. ನಮ್ಮಲ್ಲೂ ಅದಕ್ಕೆ ಮಿತಿಯಿದೆ. ಹಳೆಯ ನೀಲಿ ಐಸಿಎಫ್ ಬೋಗಿಗೆ ತಿರುಪಿನ ಕೊಂಡಿ, ಅದರ ದೀಪ ಫ್ಯಾನುಗಳಿಗೆ ಗಾಲಿಯಿಂದ ತಿರುಗುವ ಡೈನಮೊದ 110 ವೋಲ್ಟ್. ಹೊಸ ಎಲ್‌ಎಚ್‌ಬಿ ಬೋಗಿಗೆ ತಾನೇ ಕಚ್ಚಿಕೊಳ್ಳುವ ನಡುಗೊಂಡಿ, ಪವರ್ ಕಾರಿನಿಂದಲೋ ಎಂಜಿನ್ನಿನಿಂದಲೋ ಬರುವ 750 ವೋಲ್ಟ್. ಒಂದರ ಜಾಗದಲ್ಲಿ ಇನ್ನೊಂದನ್ನು ಸುಮ್ಮನೆ ತಂದು ಕೂರಿಸಲಾಗದು. ಆದರೂ ಸಾವಿರಾರು ಬೋಗಿಗಳ ದೊಡ್ಡ ಸಂಗ್ರಹ ಇರುವುದರಿಂದ ಹೇಗೋ ಹೊಂದುತ್ತದೆ. ಇ7ರ ವಿಷಯದಲ್ಲಿ ಹನ್ನೆರಡು ಬೋಗಿ ಸೇರಿ ಒಂದೇ ಯಂತ್ರ. ಹೋದರೆ ಇಡೀ ರೇಕ್ ಹೋಗುತ್ತದೆ, ಬಂದರೂ ಇಡೀ ರೇಕೇ ಬರಬೇಕು.

ಜಪಾನಿನಲ್ಲಿ ಶಿಂಕಾನ್ಸೆನ್ ರೈಲುಗಳಿಗೆ ಬರವಿಲ್ಲ. ಟೋಕಿಯೊ ನಿಲ್ದಾಣದಲ್ಲಿ ಹೊಕುರಿಕು ರೈಲು ನಿಲ್ಲುವ ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಒಸಾಕಾ ಕಡೆಗೆ ಹೋಗುವ ಎನ್700 ರೈಲುಗಳು ಕೆಲವೇ ನಿಮಿಷಕ್ಕೊಂದರಂತೆ ಹೊರಡುತ್ತವೆ. ಹಳಿಗಳ ನಡುವಿನ ಅಗಲ ಎರಡಕ್ಕೂ ಒಂದೇ, 1,435 ಮಿಲಿಮೀಟರ್. ವೋಲ್ಟೇಜೂ ಒಂದೇ, 25,000. ಹಾಗಿದ್ದೂ ಒಂದನ್ನೂ ಎರವಲು ತರುವಂತಿರಲಿಲ್ಲ. ಎರಡು ಮಾರ್ಗಗಳ ಹಳಿಗಳು ಅಲ್ಲಿ ಕೂಡುವುದಿಲ್ಲ ಎಂಬುದು ಒಂದು ಕಾರಣ. ಅದಕ್ಕಿಂತ ಆಳವಾದ ಕಾರಣ 1890ರ ದಶಕದಲ್ಲಿದೆ. ಆಗ ಟೋಕಿಯೊದ ವಿದ್ಯುತ್ ಕಂಪನಿ ಜರ್ಮನಿಯಿಂದ 50 ಹರ್ಟ್ಸ್‌ನ ಜನರೇಟರು ತರಿಸಿತು, ಒಸಾಕಾದ ಕಂಪನಿ ಅಮೆರಿಕದಿಂದ 60 ಹರ್ಟ್ಸ್‌ನದು. ದೇಶ ಅಂದಿನಿಂದ ಎರಡು ಆವರ್ತನಗಳ ನಡುವೆ ಒಡೆದುಹೋಯಿತು, ಇಂದಿಗೂ ಕೂಡಿಲ್ಲ. ಒಸಾಕಾ ಮಾರ್ಗವನ್ನು ಕಟ್ಟಿದವರು ಪರಿವರ್ತನಾ ಕೇಂದ್ರಗಳನ್ನಿಟ್ಟು ಉದ್ದಕ್ಕೂ 60 ಹರ್ಟ್ಸ್ ಮಾಡಿಕೊಂಡರು. ಉತ್ತರದ ತೊಹೊಕು ಮಾರ್ಗ ಪೂರ್ತಿ 50. ಹೊಕುರಿಕು ಮಾರ್ಗವೊಂದೇ ಈ ಗಡಿಯನ್ನು ಮತ್ತೆ ಮತ್ತೆ ದಾಟುತ್ತದೆ. ಟೋಕಿಯೊದಿಂದ 50ರಲ್ಲಿ ಹೊರಟು ಕರುಇಜಾವಾ ದಾಟಿದ ಮೇಲೆ 60, ಜೋಯೆತ್ಸು ಸೀಮೆಯಲ್ಲಿ ಪುನಃ 50, ಇತೋಯಿಗಾವಾ ಹತ್ತಿರ ಪುನಃ 60.

ಹತ್ತು ಹರ್ಟ್ಸ್ ಅಷ್ಟು ದೊಡ್ಡ ವ್ಯತ್ಯಾಸವೇ? ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳಿನಲ್ಲಿ ಹರಿಯುವ ಕಾಂತತ್ವದ ಪ್ರಮಾಣ, ವೋಲ್ಟೇಜನ್ನು ಆವರ್ತನದಿಂದ ಭಾಗಿಸಿದಾಗ ಬರುವ ಬೆಲೆಗೆ ಅನುಗುಣವಾಗಿರುತ್ತದೆ. ವೋಲ್ಟೇಜ್ ಅಷ್ಟೇ ಇದ್ದು ಆವರ್ತನ 60ರಿಂದ 50ಕ್ಕೆ ಇಳಿದರೆ ಕಾಂತತ್ವ ಶೇ 20ರಷ್ಟು ಏರುತ್ತದೆ. 60ಕ್ಕೆಂದೇ ಅಳೆದು ಮಾಡಿದ ತಿರುಳಿಗೆ ಅಷ್ಟು ಹಿಡಿಯುವುದಿಲ್ಲ. ಅದು ತುಂಬಿಹೋಗುತ್ತದೆ, ಸುರುಳಿಯಲ್ಲಿ ವಿದ್ಯುತ್ತಿನ ಹರಿವು ಜಿಗಿಯುತ್ತದೆ, ಟ್ರಾನ್ಸ್‌ಫಾರ್ಮರು ಕಾಯುತ್ತದೆ. ಎರಡಕ್ಕೂ ಒಗ್ಗಬೇಕಾದರೆ ತಿರುಳು ದಪ್ಪವಾಗಬೇಕು, ತೂಕ ಹೆಚ್ಚುತ್ತದೆ. 60 ಹರ್ಟ್ಸ್‌ನಲ್ಲೇ ಬಾಳುವ ಎನ್700ರ ವಿನ್ಯಾಸಕಾರರು ಆ ತೂಕವನ್ನು ಯಾಕಾದರೂ ಹೊರಿಸಿಯಾರು? ಹಳಿಯಲ್ಲಿ ಹರಿಯುವ ಸಿಗ್ನಲ್ ಸಂಕೇತಗಳೂ ಆಯಾ ಮಾರ್ಗದ ಆವರ್ತನ ನೋಡಿಕೊಂಡೇ ರೂಪುಗೊಂಡಿರುತ್ತವೆ. 50 ಮತ್ತು 60 ಎರಡರಲ್ಲೂ ಓಡುತ್ತಿದ್ದ ಹಳೆಯ ಎಂಟು ಬೋಗಿಯ ಇ2 ರೈಲುಗಳು ಈ ಮಾರ್ಗದಲ್ಲಿ ಹಿಂದೆ ಇದ್ದವು. ಅವು ನೆರೆಗೆ ಎರಡೂವರೆ ವರ್ಷ ಮೊದಲು, 2017ರಲ್ಲಿ, ಸೇವೆಯಿಂದ ಹೊರಬಿದ್ದಿದ್ದವು.

ಇದರ ಮೇಲೆ ಘಟ್ಟ. ತಕಾಸಾಕಿಯಿಂದ ಕರುಇಜಾವಾಕ್ಕೆ ಮಾರ್ಗ 800 ಮೀಟರಿಗೂ ಹೆಚ್ಚು ಎತ್ತರ ಹತ್ತುತ್ತದೆ, ಹತ್ತಾರು ಕಿಲೋಮೀಟರ್ ಬಿಡುವಿಲ್ಲದೆ ಸಾವಿರ ಮೀಟರಿಗೆ ಮೂವತ್ತು ಮೀಟರ್ ಏರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ನಮ್ಮ ರೈಲು ಘಟ್ಟದ ಏರು ಸಾವಿರಕ್ಕೆ ಇಪ್ಪತ್ತು. ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಕಷ್ಟ. ಅಷ್ಟು ದೂರ ಒಂದೇ ಸಮನೆ ವೇಗ ಹಿಡಿದಿಟ್ಟು ಇಳಿಯಬಲ್ಲ ಬ್ರೇಕಿನ ವ್ಯವಸ್ಥೆ ಬೇಕು. ತೊಹೊಕು ಮಾರ್ಗದ ಹಸಿರು ಇ5 ಗಂಟೆಗೆ 320 ಕಿಲೋಮೀಟರ್ ಓಡುತ್ತದೆ, ಇ7ಗಿಂತ ಎಷ್ಟೋ ವೇಗ. ಈ ದಾರಿಗೆ ಮಾತ್ರ ಅದು ಆಗಿಬರುವುದಿಲ್ಲ.

ಹಾಗಾಗಿ ಉಳಿದದ್ದು ಇಪ್ಪತ್ತು ರೇಕ್. ಇಲ್ಲಿಂದ ಮುಂದೆ ಕೆಲಸವೆಲ್ಲ ವೇಳಾಪಟ್ಟಿಯವರದು. ಶಿಂಕಾನ್ಸೆನ್ ಬೆಳಗಿನ ಆರರಿಂದ ನಡುರಾತ್ರಿಯವರೆಗೆ ಮಾತ್ರ ಓಡುತ್ತದೆ, ಹದಿನೆಂಟು ಗಂಟೆ. ಟೋಕಿಯೊ–ಕನಜಾವಾ ಪ್ರಯಾಣ ಎರಡೂವರೆಯಿಂದ ಮೂರು ಗಂಟೆ. ತುದಿಯಲ್ಲಿ ಗುಡಿಸಿ ಒರೆಸಿ ತಿರುಗಿ ಹೊರಡುವ ಹೊತ್ತನ್ನು ಸೇರಿಸಿದರೆ ಒಂದು ರೇಕ್ ದಿನಕ್ಕೆ ನಾಲ್ಕೈದು ಸಲ ಓಡಬಲ್ಲದು. ಅಂದರೆ ಒಂದು ರೇಕ್ ಹೋದರೆ ವೇಳಾಪಟ್ಟಿಯಲ್ಲಿ ಹೋಗುವುದು ಒಂದು ರೈಲಲ್ಲ, ನಾಲ್ಕೈದು. ಇನ್ನೊಂದು ಕಡೆಯಿಂದ ನೋಡಿದರೆ, 30 ರೇಕ್ ಇದ್ದಾಗಲೂ ದಿನವೂ 30 ಓಡುತ್ತಿರಲಿಲ್ಲ. ಮೂವತ್ತು ದಿನ ಅಥವಾ 30,000 ಕಿಲೋಮೀಟರಿಗೊಮ್ಮೆ ಒಂದು ತಪಾಸಣೆ, ಆರು ಲಕ್ಷ ಕಿಲೋಮೀಟರಿಗೆ ಗಾಲಿಚೌಕಟ್ಟು ಬಿಚ್ಚಿ ನೋಡುವುದು, ಹನ್ನೆರಡು ಲಕ್ಷಕ್ಕೆ ಇಡೀ ರೈಲನ್ನೇ ಬಿಚ್ಚಿ ಜೋಡಿಸುವುದು. ಯಾವ ದಿನ ನೋಡಿದರೂ ಕೆಲವು ರೇಕ್‌ಗಳು ಶೆಡ್ಡಿನಲ್ಲಿರುತ್ತವೆ, ಕೆಲವು ಮೀಸಲು ನಿಂತಿರುತ್ತವೆ, ಹಬ್ಬದ ದಟ್ಟಣೆಗೆಂದು ಕೆಲವು. ಇಕ್ಕಟ್ಟಿನಲ್ಲಿ ಮೊದಲು ಕರಗುವುದು ಈ ಮೀಸಲು. ತಪಾಸಣೆಯ ಅವಧಿಯನ್ನು ಹಿಗ್ಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದನ್ನು ಮುಟ್ಟಬಾರದು. ಇಲ್ಲಿ ಇನ್ನೂ ಒಂದು ಕಷ್ಟವಿತ್ತು. ಮುಳುಗಿದ್ದು ರೈಲು ಮಾತ್ರವಲ್ಲ, ಅವುಗಳನ್ನು ತಪಾಸಿಸುವ ಡಿಪೊವೂ ಮುಳುಗಿತ್ತು, ಮಾರ್ಗದ ಸಿಗ್ನಲ್ಲಿಗೆ ವಿದ್ಯುತ್ ಕೊಡುವ ಉಪಕರಣಗಳೂ ಅಲ್ಲೇ ಇದ್ದವು. ನಾಗಾನೊದಿಂದಾಚೆ ಹಳಿ ಸರಿಯಿದ್ದೂ ಹನ್ನೆರಡು ದಿನ ರೈಲು ದಾಟಲಿಲ್ಲ.

ಆ ದಿನಗಳಲ್ಲಿ ಟೋಕಿಯೊದಿಂದ ಕನಜಾವಾಕ್ಕೆ ಹೋಗುವವರು ಒಸಾಕಾ ಮಾರ್ಗದಲ್ಲಿ ಮೈಬಾರಾವರೆಗೆ ಹೋಗಿ, ಅಲ್ಲಿ ಸಾಮಾನ್ಯ ಎಕ್ಸ್‌ಪ್ರೆಸ್ ಹತ್ತಿ ಸುತ್ತಿಕೊಂಡು ಹೋದರು. ವಿಮಾನ ಕಂಪನಿಗಳು ಕೊಮಾತ್ಸು, ತೊಯಾಮಾಗಳಿಗೆ ಹೆಚ್ಚು ಹಾರಾಟ, ದೊಡ್ಡ ವಿಮಾನ ಹಾಕಿದವು. ಅಕ್ಟೋಬರ್ 25ಕ್ಕೆ ಮಾರ್ಗ ತೆರೆದಾಗ ಒಟ್ಟಾರೆ ಎಂದಿನ ಸುಮಾರು ಶೇ 80ರಷ್ಟು ರೈಲುಗಳು ಓಡಿದವು. ಕನಜಾವಾದವರೆಗಿನ ನೇರ ರೈಲುಗಳನ್ನು ಆದಷ್ಟು ಉಳಿಸಿ, ಕೊರತೆಯ ಭಾರವನ್ನು ನಾಗಾನೊವರೆಗಿನ ಗಿಡ್ಡ ಓಟಗಳ ಮೇಲೆ ಹಾಕಿದ್ದರು. ಮೂರನೇ ಒಂದು ಪಾಲು ರೈಲು ಕಳೆದುಕೊಂಡೂ ಐದರಲ್ಲಿ ನಾಲ್ಕು ಪಾಲು ಸೇವೆ. ಯಾವ ಯಂತ್ರದ ಸಾಧನೆಗೂ ಕಡಿಮೆಯಿಲ್ಲದ ಕೆಲಸವಿದು, ಹಾಳೆಯ ಮೇಲೆ ಗೆರೆ ಎಳೆಯುವ ವೇಳಾಪಟ್ಟಿಯವರದು.

ಉಳಿದ ಪಾಲನ್ನು ತುಂಬಿದ್ದು ಪಕ್ಕದ ಮಾರ್ಗ. ಟೋಕಿಯೊದಿಂದ ನಿಗಾತಾಕ್ಕೆ ಹೋಗುವ ಜೋಯೆತ್ಸು ಶಿಂಕಾನ್ಸೆನ್‌ನಲ್ಲಿ ಆಗ ಇ4 ಎಂಬ ಎರಡಂತಸ್ತಿನ ರೈಲುಗಳಿದ್ದವು. 1997ರಲ್ಲಿ ಬಂದ ಮಾದರಿ, ಗಂಟೆಗೆ 240 ಕಿಲೋಮೀಟರ್. ಎರಡು ರೇಕ್ ಜೋಡಿಸಿದರೆ 1,634 ಜನ ಕೂರಬಹುದಿತ್ತು, ವೇಗದ ರೈಲುಗಳಲ್ಲಿ ಜಗತ್ತಿನ ದಾಖಲೆ. ಇವುಗಳನ್ನು 2020–21ರ ಹಣಕಾಸು ವರ್ಷದೊಳಗೆ ತೆಗೆದು ಹನ್ನೊಂದು ಹೊಸ ಇ7 ಹಾಕುವುದೆಂದು ಮೊದಲೇ ತೀರ್ಮಾನವಾಗಿತ್ತು, ಕೆಲವು ಬಂದೂ ಇದ್ದವು. ಆ ಇ7ಗಳನ್ನು ಹೊಕುರಿಕುವಿಗೆ ತಿರುಗಿಸಿದರು, ಕಾರ್ಖಾನೆಯಿಂದ ಹೊರಬರುತ್ತಿದ್ದವೂ ಅತ್ತಲೇ ಹೋದವು. ನಿವೃತ್ತಿಯ ಹೊಸ್ತಿಲಲ್ಲಿದ್ದ ಇ4 ನಿತ್ಯದ ಸೇವೆಯಲ್ಲಿ ಇನ್ನಷ್ಟು ಕಾಲ ದುಡಿಯಿತು, 2021ರ ಅಕ್ಟೋಬರ್ 1ರವರೆಗೆ. ಕನಜಾವಾದ ಪ್ರಯಾಣಿಕನಿಗೆ ಸಿಕ್ಕ ಬದಲಿ ರೈಲು ನಿಗಾತಾದ ಪ್ರಯಾಣಿಕನಿಗೆ ಬರಬೇಕಿದ್ದ ರೈಲು. ಬದಲಿ ರೈಲಿನ ಹಿಂದೆ ಹೀಗೆ ಯಾವಾಗಲೂ ಇನ್ನೊಬ್ಬರ ಪಾಲಿರುತ್ತದೆ. ಬಳಸದೆ ಕೂತಿರುವ ಒಳ್ಳೆಯ ರೈಲು ಎಂಬುದು ಲೋಕದಲ್ಲಿ ಬಹುತೇಕ ಇಲ್ಲ.

ಆದರೂ ಜೆಆರ್ ಈಸ್ಟ್‌ಗೆ ದೊಡ್ಡ ಅನುಕೂಲವೊಂದಿತ್ತು. ಇ7 ಕಟ್ಟುವ ಕಾರ್ಖಾನೆಯ ಸಾಲು ಆಗ ಜೀವಂತವಾಗಿತ್ತು. ಅಚ್ಚುಗಳಿದ್ದವು, ಬೆಸುಗೆಯವರಿದ್ದರು, ಬಿಡಿಭಾಗ ಕೊಡುವವರ ಸರಪಳಿಯಿತ್ತು. ಇನ್ನೂ ಹತ್ತು ಬೇಕೆಂದರೆ ಅದೇ ಸಾಲಿಗೆ ಸೇರಿಸಿದರಾಯಿತು. ಮೀಸಲು ರೈಲುಗಳಿಗಿಂತ ಇದು ದೊಡ್ಡ ಮೀಸಲು ಎಂದು ನನಗನ್ನಿಸುತ್ತದೆ. ಅದಿಲ್ಲದಿದ್ದರೆ ಏನಾಗುತ್ತದೆಂದು ನೋಡಲು ಹತ್ತು ವರ್ಷ ಹಿಂದಕ್ಕೆ, ಬರ್ಲಿನ್‌ಗೆ ಹೋಗಬೇಕು.

2009ರ ಮೇ 1ರಂದು ಬರ್ಲಿನ್‌ನ ಕೌಲ್ಸ್‌ಡಾರ್ಫ್‌ನಲ್ಲಿ ನಗರ ರೈಲೊಂದರ ಗಾಲಿ ಒಡೆದು ರೈಲು ಹಳಿ ತಪ್ಪಿತು. ಅದು 481 ಮಾದರಿಯದು, ಎಸ್‌-ಬಾನ್ ಎಂಬ ನಗರ ರೈಲು ಜಾಲದ ಬಹುಪಾಲು ರೈಲುಗಳು ಅದೇ ಮಾದರಿಯವು. ಗಾಲಿಗಳನ್ನು ಪದೇ ಪದೇ ಪರೀಕ್ಷಿಸಬೇಕೆಂದು ಕೇಂದ್ರ ರೈಲ್ವೆ ಪ್ರಾಧಿಕಾರ ಆಜ್ಞೆ ಮಾಡಿತು. ಒಪ್ಪಿಕೊಂಡ ಅವಧಿಯಲ್ಲಿ ಪರೀಕ್ಷೆ ನಡೆದಿಲ್ಲವೆಂದು ಗೊತ್ತಾದಾಗ ರೈಲುಗಳನ್ನು ಗುಂಪುಗುಂಪಾಗಿ ಸೇವೆಯಿಂದ ತೆಗೆಸಿತು. ಜುಲೈ ಕೊನೆಯ ಹೊತ್ತಿಗೆ ಮೂರರಲ್ಲಿ ಒಂದು ಪಾಲು ಮಾತ್ರ ಓಡುತ್ತಿತ್ತು, ನಗರದ ನಡುವಿನ ಮುಖ್ಯ ಮಾರ್ಗವನ್ನೇ ಕೆಲವು ವಾರ ಮುಚ್ಚಿದರು. ಸೆಪ್ಟೆಂಬರಿನಲ್ಲಿ ಬ್ರೇಕಿನ ಸಿಲಿಂಡರುಗಳ ನಿರ್ವಹಣೆಯಲ್ಲೂ ಲೋಪ ಸಿಕ್ಕಿ ಸ್ಥಿತಿ ಇನ್ನೂ ಹದಗೆಟ್ಟಿತು. ಇಲ್ಲಿ ನೆರೆಯಿರಲಿಲ್ಲ, ಮಾಡಬೇಕಿದ್ದ ತಪಾಸಣೆ ಮಾಡಿರಲಿಲ್ಲ, ಅಷ್ಟೇ. ಮೇಲೆ ಹೇಳಿದೆನಲ್ಲ, ಮುಟ್ಟಬಾರದ್ದನ್ನು ಮುಟ್ಟಿದ್ದರ ಫಲ ಇದು.

ಬದಲಿಗೆ ಯಾರ ರೈಲು ತರುವುದು? ಬರ್ಲಿನ್ ಎಸ್‌-ಬಾನ್ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ನೇರ ವಿದ್ಯುತ್ ಹೀರುತ್ತದೆ. ಅದೇ ದೇಶದ ಹ್ಯಾಂಬರ್ಗ್‌ನ ಎಸ್‌-ಬಾನ್‌ಗೂ ಮೂರನೇ ಹಳಿಯಿದೆ, ಅಲ್ಲಿ 1,200 ವೋಲ್ಟ್. ಜರ್ಮನಿಯ ಮುಖ್ಯ ಮಾರ್ಗಗಳಲ್ಲಿ ತಲೆಯ ಮೇಲಿನ ತಂತಿಯಲ್ಲಿ 15,000 ವೋಲ್ಟ್. ಬರ್ಲಿನ್‌ನ ರೈಲಿಗೆ ಜಗತ್ತಿನಲ್ಲಿ ಜೋಡಿಯಿಲ್ಲ. ಹಾಗಾಗಿ ಸಮಾನಾಂತರವಾಗಿ ಓಡುವ ದೂರಮಾರ್ಗದ ಹಳಿಗಳ ಮೇಲೆ ಪ್ರಾದೇಶಿಕ ರೈಲುಗಳನ್ನು ಓಡಿಸಿದರು, ಸುರಂಗ ಮೆಟ್ರೊ ಮತ್ತು ಬಸ್ಸುಗಳ ಮೇಲೆ ಹೊರೆ ಬಿತ್ತು. ಹಿಂದಿನ ಪೂರ್ವ ಜರ್ಮನಿಯ ಕಾಲದ 485 ಮಾದರಿಯ ಕೆಲವು ರೈಲುಗಳು ನಿವೃತ್ತವಾಗಿ ಮೂಲೆಯಲ್ಲಿ ನಿಂತಿದ್ದವು, ಅವನ್ನು ದುರಸ್ತಿ ಮಾಡಿ ಹಳಿಗಿಳಿಸಿದರು. ಹೊಸದು ಕೊಳ್ಳೋಣವೆಂದರೆ 481ರ ತಯಾರಿಕೆ 2004ರಲ್ಲೇ ನಿಂತಿತ್ತು. ಹೊಸ ವಿನ್ಯಾಸ, ಟೆಂಡರು, ಪರೀಕ್ಷೆಗಳೆಲ್ಲ ಮುಗಿದು ಮುಂದಿನ ಪೀಳಿಗೆಯ ರೈಲು ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2021ರ ಜನವರಿಯಲ್ಲಿ.

ಬ್ರಿಟನ್ನಿನಲ್ಲಿ ಇದೇ ಕಥೆಯ ಚಿಕ್ಕ ರೂಪ ನಡೆಯಿತು. 2021ರ ಮೇ 8ರಂದು 800 ಮಾದರಿಯ ರೈಲುಗಳ ತಳಭಾಗದ ಅಲ್ಯೂಮಿನಿಯಂನಲ್ಲಿ ಬಿರುಕು ಕಂಡು ಅವನ್ನೆಲ್ಲ ಒಮ್ಮೆಗೇ ನಿಲ್ಲಿಸಿದರು. ಲಂಡನ್ನಿನಿಂದ ಪಶ್ಚಿಮಕ್ಕೆ ಹೋಗುವ ದೂರದ ಓಟಗಳಿಗೆ, ಹತ್ತಿರದ ಊರುಗಳಿಗೆಂದು ಇದ್ದ 387 ಮಾದರಿಯ ವಿದ್ಯುತ್ ರೈಲುಗಳನ್ನು ಕಳಿಸಿದರು. ತಂತಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಅವುಗಳ ಓಟವೂ ಮುಗಿಯಿತು, ಏಕೆಂದರೆ 800ರ ಹೊಟ್ಟೆಯಲ್ಲಿದ್ದ ಡೀಸೆಲ್ ಎಂಜಿನ್ ಇವುಗಳಲ್ಲಿಲ್ಲ. ಚಾಲಕರದು ಇನ್ನೊಂದು ತೊಡಕು: ರೈಲಿನ ಮಾದರಿಯನ್ನೂ ದಾರಿಯ ಪ್ರತಿ ಸಿಗ್ನಲ್, ಏರಿಳಿತಗಳನ್ನೂ ಕಲಿತು ತೇರ್ಗಡೆಯಾದವರೇ ಓಡಿಸಬೇಕು. ರೈಲು ಸಿಕ್ಕರೂ ಆ ದಾರಿಯಲ್ಲಿ ಆ ರೈಲನ್ನು ಬಲ್ಲವರು ಸಿಗಬೇಕು.

ಇವೆಲ್ಲ ದೂರದ ಮಾತೆನಿಸಿದರೆ ಬೆಂಗಳೂರಿನ ಹಳದಿ ಮೆಟ್ರೊ ಮಾರ್ಗವನ್ನು ನೋಡಬಹುದು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್. ಅಲ್ಲಿ ರೈಲು ಹಾಳಾಗಿರಲಿಲ್ಲ, ಬಂದೇ ಇರಲಿಲ್ಲ. ಕಂಬ, ಹಳಿ, ನಿಲ್ದಾಣ ಎಲ್ಲ ಮುಗಿದು ಎಷ್ಟೋ ಕಾಲ ರೈಲಿಗಾಗಿ ಕಾದವು. ಪಕ್ಕದ ನೇರಳೆ, ಹಸಿರು ಮಾರ್ಗಗಳ ರೈಲು ತಂದು ಓಡಿಸಬಾರದೇ ಎಂದು ಊರಿನವರು ಕೇಳಿದರೆ ತಪ್ಪಿಲ್ಲ. ಮಾಲೀಕರು ಒಬ್ಬರೇ, ಹಳಿಯ ಅಗಲ ಅದೇ, ಮೂರನೇ ಹಳಿಯ 750 ವೋಲ್ಟ್ ಅದೇ. ಬೇರೆಯಾದದ್ದು ಸಿಗ್ನಲ್ಲು. ಹಳದಿ ಮಾರ್ಗ ಚಾಲಕನಿಲ್ಲದೆಯೂ ಓಡಬಲ್ಲಂತೆ ರೂಪಿಸಿದ್ದು, ಅಲ್ಲಿ ರೈಲು ಮತ್ತು ನಿಯಂತ್ರಣ ಕೊಠಡಿ ರೇಡಿಯೊ ಮೂಲಕ ಎಡೆಬಿಡದೆ ಮಾತಾಡುತ್ತಿರುತ್ತವೆ. ಹಳೆಯ ಮಾರ್ಗಗಳ ರೈಲಿಗೆ ಆ ಭಾಷೆ ಬರುವುದಿಲ್ಲ. 2025ರ ಆಗಸ್ಟ್ 10ರಂದು ಮಾರ್ಗ ಮೂರೇ ರೈಲುಗಳೊಂದಿಗೆ ಉದ್ಘಾಟನೆಯಾಯಿತು, 25 ನಿಮಿಷಕ್ಕೊಂದು ರೈಲು. ಮೂರನ್ನು 25ರಿಂದ ಗುಣಿಸಿದರೆ 75. ಒಂದು ರೈಲು ಹೋಗಿ ತಿರುಗಿ ಮೊದಲಿನ ಜಾಗಕ್ಕೆ ಬರಲು ಹಿಡಿಯುವ ನಿಮಿಷಗಳು ಅವು. ನಾಲ್ಕನೆಯದು ಬಂದಾಗ 75ನ್ನು ನಾಲ್ಕರಿಂದ ಭಾಗಿಸಿದಂತೆ ಅಂತರ 19 ನಿಮಿಷಕ್ಕೆ ಇಳಿಯಿತು, ಐದನೆಯದು ಬಂದಾಗ 15ಕ್ಕೆ. ಆಗ ಆ ಐದರಲ್ಲಿ ಒಂದು ಕೆಟ್ಟು ಡಿಪೊ ಸೇರಿದ್ದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಮತ್ತೆ 19 ನಿಮಿಷ ಕಾಯಬೇಕಿತ್ತು.